ಕಿವಿಯಲ್ಲಿ ಫೋನು, ರಸ್ತೆಯಲ್ಲಿ ಯಾರು?

ಓದುಗರ ಪತ್ರ: ಮಳೆಗಾಲ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ‘ಜಾಗ್ರತೆಯಿಂದ ಓಡಿಸಿ’ ಎಂಬ ಉಪದೇಶ ತಪ್ಪದು. ತಪ್ಪು ಹೊಂಡದ್ದು, ಮುಗಿಯದ ಕಾಮಗಾರಿಯದ್ದು. ಹನ್ನೆರಡು ವರ್ಷಗಳಿಂದ ದಿನಾ ಚೆರ್ಕಳದ ದಾರಿಯಾಗಿ ಕಾಸರಗೋಡಿಗೆ ಕಾರಿನಲ್ಲಿ ಹೋಗಿ ಬರುತ್ತಿದ್ದೇನೆ. ಫೋನು ಬಂದರೆ ಇಯರ್‌ಫೋನಿನಲ್ಲೇ ಮಾತು, ಕೈಯಲ್ಲಿ ಮುಟ್ಟುವುದೂ ಇಲ್ಲ. ಕಾರಿಗೆ ಒಂದು ಗೀರು ಬಿದ್ದಿಲ್ಲ. ಕಾನೂನು ಕೂಡ ಕೈಯಲ್ಲಿ ಹಿಡಿಯಬಾರದು ಎಂದಷ್ಟೇ ಹೇಳುತ್ತದಲ್ಲ? ಮತ್ತೆ ನಮಗೇಕೆ ಪಾಠ?
— ಓದುಗರೊಬ್ಬರು, ಬದಿಯಡ್ಕ

ಸಂಪಾದಕರ ಉತ್ತರ: ಹೊಂಡದ ಮಾತು ಒಪ್ಪಿದೆ. ನೀರು ತುಂಬಿದ ಹೊಂಡ ಒಂದಿಂಚಿನದ್ದೋ ಒಂದಡಿಯದ್ದೋ ಎಂದು ಮೇಲಿಂದ ನೋಡಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರಿನಲ್ಲಿ ಹೆದ್ದಾರಿ ಕೆಲಸ ನಡೆದ ವರ್ಷಗಳಲ್ಲಿ ನಿನ್ನೆ ಹೋದ ದಾರಿ ಇಂದು ಇರುತ್ತಿರಲಿಲ್ಲ ಎಂಬುದೂ ನಿಜ. ಬೈಯಬೇಕಾದವರನ್ನು ಬೈಯಿರಿ, ನಮ್ಮದೂ ಒಂದು ಸ್ವರ ಸೇರಿಸಿಕೊಳ್ಳಿ.

ಆದರೆ ನಿಮ್ಮ ಪತ್ರದ ಜೀವ ಇರುವುದು ಇಯರ್‌ಫೋನಿನಲ್ಲಿ. ‘ಕೈಯಲ್ಲಿ ಮುಟ್ಟುವುದೂ ಇಲ್ಲ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಕಾರು ಓಡಿಸುವುದು ಕೈ ಎಂದು ನಿಮಗೆ ಯಾರು ಹೇಳಿದರು ಸ್ವಾಮಿ? ಯಕ್ಷಗಾನ ಆಟದ ಭಾಗವತರ ಎರಡೂ ಕೈ ಬಿಡುವಾಗಿದ್ದರೂ ಪದ ಹೇಳುತ್ತಾ ಅವರು ಕಿವಿಯಲ್ಲಿ ತೋಟದ ಲೆಕ್ಕ ಮಾತಾಡಬಲ್ಲರೇ? ಮಾತಾಡಿದರೆ ತಾಳ ಎಲ್ಲಿ ಹೋದೀತು?

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಬಂದ ತಿದ್ದುಪಡಿ ಕೈಯಲ್ಲಿ ಹಿಡಿದ ಸಾಧನದ ಬಳಕೆಯನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿತು, ಸರಿ. ಪೊಲೀಸಿನವರಿಗೆ ಕಾಣುವುದು ಕೈ, ಅದಕ್ಕೇ ಕಾನೂನಿನಲ್ಲಿ ಕೈ ಬಂತು. ತಲೆಯೊಳಗೆ ಏನು ನಡೆಯುತ್ತಿದೆ ಎಂದು ನೋಡುವ ಕ್ಯಾಮೆರಾ ಇನ್ನೂ ಬಂದಿಲ್ಲ. ಆದರೆ ಅಳೆದವರಿದ್ದಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಹೋದ್ಯೋಗಿ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನಿನಲ್ಲಿ ಮಾತಾಡುತ್ತಿದ್ದವರು ಕೆಂಪು ಸಂಕೇತವನ್ನು ಕಾಣದೆ ಹೋದದ್ದು ಎರಡು ಪಟ್ಟಿಗೂ ಹೆಚ್ಚು. ಫೋನು ಕೈಯಲ್ಲಿತ್ತೋ ಕಿವಿಯಲ್ಲಿತ್ತೋ, ವ್ಯತ್ಯಾಸವೇ ಕಾಣಲಿಲ್ಲ. ರೇಡಿಯೋ ಕೇಳುತ್ತಿದ್ದವರಿಗೆ ಮಾತ್ರ ಈ ತೊಂದರೆ ಆಗಲಿಲ್ಲ. ಕೇಳುವುದು ಬೇರೆ, ಉತ್ತರ ಹುಡುಕುವುದು ಬೇರೆ. ಹಾಗಾಗಿ ತಾಳಮದ್ದಳೆ ಹಾಕಿಕೊಂಡು ಹೋಗಲು ನಮ್ಮ ಅಡ್ಡಿಯಿಲ್ಲ. ನೀವೇ ಪಾತ್ರವಾಗಿ ಅರ್ಥ ಹೇಳಲು ಹೊರಟರೆ ಅಡ್ಡಿಯಿದೆ.

1999ರ ಇನ್ನೊಂದು ಪ್ರಯೋಗವನ್ನು ನೀವು ವಾಟ್ಸಾಪಿನಲ್ಲೇ ನೋಡಿರಬಹುದು. ಕೆಲವರು ಚೆಂಡು ಎಸೆದಾಡುತ್ತಾರೆ, ಎಷ್ಟು ಸಲ ಕೈ ಬದಲಾಯಿತು ಎಂದು ನಾವು ಎಣಿಸಬೇಕು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು, ಎದೆ ಬಡಿದುಕೊಂಡು, ಆಚೆ ಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಕಾಣಲೇ ಇಲ್ಲ. ಕಣ್ಣು ಅಲ್ಲೇ ಇತ್ತು. ‘ನೋಡುತ್ತಲೇ ಇದ್ದೆ, ಎಲ್ಲಿಂದ ಬಂದನೋ ಗೊತ್ತಾಗಲಿಲ್ಲ’ ಎಂದು ಅಪಘಾತದ ಮೇಲೆ ಹೇಳುವವರೆಲ್ಲ ಸುಳ್ಳು ಹೇಳುತ್ತಾರೆಂದು ತಿಳಿಯಬೇಡಿ.

ಪಕ್ಕದ ಸೀಟಿನವರ ಜೊತೆ ಮಾತಾಡುವುದಿಲ್ಲವೇ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇವೆ. ಪಕ್ಕದವರಿಗೂ ಎದುರಿನ ಬಸ್ಸು ಕಾಣುತ್ತದೆ, ತಿರುವು ಬಂದಾಗ ಬಾಯಿ ತಾನಾಗಿ ಮುಚ್ಚುತ್ತದೆ. ದುಬೈಯಿಂದ ಮಾತಾಡುವ ಭಾವನಿಗೆ ನಿಮ್ಮ ಎದುರು ಬಸ್ಸು ಬಂದದ್ದು ಹೇಗೆ ತಿಳಿಯಬೇಕು?

ಇನ್ನು ಲೆಕ್ಕ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಹೆಸರು ನೋಡಲು ಮೂರು ಸೆಕೆಂಡು ಫೋನಿನತ್ತ ಕಣ್ಣು ಹೋದರೆ 50 ಮೀಟರು, ಬೆಳೆದ ಮೂರು ಕಂಗುಗಳನ್ನು (ಅಡಕೆ ಮರಗಳನ್ನು) ಸಾಲಾಗಿ ಮಲಗಿಸಿದಷ್ಟು ದಾರಿ, ಕುರುಡಾಗಿ ಕಳೆಯಿತು. ಕಣ್ಣು ರಸ್ತೆಯಲ್ಲೇ ಇದ್ದರೂ, ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿಯಿರಿ: 25 ಮೀಟರು. ಒದ್ದೆ ರಸ್ತೆಯಲ್ಲಿ ನಿಲ್ಲಲು ಮತ್ತೆ 35. ಒಟ್ಟು 60 ಮೀಟರು, ಅದೂ ಟಯರು ಚೆನ್ನಾಗಿದ್ದರೆ. ಮಾತಿನ ಗುಂಗಿನಲ್ಲಿ ಬರೇ ಅರ್ಧ ಸೆಕೆಂಡು ತಡವಾಯಿತು ಎನ್ನಿ. ಎಚ್ಚರವಿದ್ದವನ ಕಾರು ಪೂರ್ತಿ ನಿಂತ ಜಾಗದಲ್ಲಿ ನಿಮ್ಮದು ಇನ್ನೂ ಗಂಟೆಗೆ 30 ಕಿ.ಮೀ. ಹತ್ತಿರದ ವೇಗದಲ್ಲಿರುತ್ತದೆ. ಶಾಲೆ ಬಿಟ್ಟ ಮಗುವಿಗೆ ಆ ಮೂವತ್ತು ಸಾಕು.

ಟಯರಿನ ಮಾತು ಬಂತು. ಕಾರಿನ ಟಯರಿನ ಚಡಿಗಳ ನಡುವೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆಗಳಿವೆ. ಅವುಗಳ ಎತ್ತರ 1.6 ಮಿಲಿಮೀಟರು. ರಬ್ಬರು ಸವೆದು ದಿಣ್ಣೆಗೆ ಸಮವಾಯಿತೆಂದರೆ ಟಯರಿನ ಆಯುಸ್ಸು ಮುಗಿಯಿತು. ಚಡಿ ಆಳವಿಲ್ಲದಿದ್ದರೆ ನೀರು ಹೊರಹೋಗದು, ಕಾರು ನೀರಿನ ಮೇಲೆ ತೇಲುತ್ತದೆ, ಆಗ ಸ್ಟೇರಿಂಗು ಹಗುರವಾದ ಹಾಗೆ ಅನಿಸುತ್ತದೆ. ಹಾಗನಿಸಿದಾಗ ಬ್ರೇಕು ಒತ್ತದೆ, ಆಕ್ಸಿಲರೇಟರ್ ಮೆಲ್ಲನೆ ಬಿಟ್ಟು, ಸ್ಟೇರಿಂಗು ನೇರ ಹಿಡಿಯಬೇಕು. ಇದನ್ನು ತಿಳಿಯಲು ಕೈಗೆ ಬರುವ ಆ ಹಗುರವನ್ನು ಗಮನಿಸುವ ಮನಸ್ಸು ಬೇಕಲ್ಲ!

ನಮ್ಮ ಕಡೆಯದ್ದೇ ಆದ ಇನ್ನೊಂದು: ಮುರಕಲ್ಲಿನ (ಕೆಂಪು ಕಲ್ಲಿನ) ಪಣೆಯಿಂದ, ಅಂದರೆ ಕಲ್ಲು ಕಡಿಯುವ ಜಾಗದಿಂದ, ಲಾರಿ ರಸ್ತೆಗೆ ಇಳಿಯುವ ಜಾಗ. ಚಕ್ರಕ್ಕೆ ಮೆತ್ತಿದ ಕೆಂಪು ಮಣ್ಣು ಡಾಮರಿನ ಮೇಲೆ ಒಣಗಿರುತ್ತದೆ. ಜೋರು ಮಳೆ ಬಂದರೆ ತೊಳೆದುಹೋದೀತು. ನಾಲ್ಕು ಹನಿ ಬಿದ್ದಾಗಲೇ ಗಂಡಾಂತರ, ಸಾಬೂನು ಹಚ್ಚಿದ ಹಾಗೆ. ವೇಗ ಇಳಿಸುವುದನ್ನು ಕೆಂಪು ಶುರುವಾಗುವ ಮೊದಲೇ ಮುಗಿಸಬೇಕು, ಅದರ ಮೇಲೆ ಬ್ರೇಕೂ ಬೇಡ, ತಿರುಚುವುದೂ ಬೇಡ. ಬೈಕಿನವರಿಗಂತೂ ಇದು ಎರಡು ಪಟ್ಟು ಅನ್ವಯ. ಹಿಂದೆ ಕೂತವರು ಕೊಡೆ ಬಿಡಿಸಿದ್ದರೆ ನಾವು ಹೇಳುವುದೇನೂ ಇಲ್ಲ, ಹಾಯಿ ಕಟ್ಟಿದ ದೋಣಿಗೆ ಬೇರೆಯೇ ಶಾಸ್ತ್ರವಿದೆ.

ಜೋರು ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡುವ ಹೊಸ ರೂಢಿಯೊಂದಿದೆ. ಅದು ನಿಂತ ಗಾಡಿಯ ಸಂಕೇತ. ಓಡುವಾಗ ಹಾಕಿದರೆ ನೀವು ಎಡಕ್ಕೋ ಬಲಕ್ಕೋ ಎಂದು ಹಿಂದಿನವರಿಗೆ ತಿಳಿಸುವ ದಾರಿಯೇ ಮುಚ್ಚಿತು. ಹೆಡ್‌ಲೈಟು ಲೋ ಬೀಮಿನಲ್ಲಿರಲಿ, ಸಾಕು.

ಇದನ್ನೆಲ್ಲ ಕಲಿಸಬೇಕಾದವರು ಯಾರು? ಲೈಸನ್ಸಿಗೆ ಹೋದರೆ ಕಂಬಗಳ ನಡುವೆ ಕಾರಿನಲ್ಲಿ ‘ಎಚ್’ ಅಕ್ಷರ ಹಾಕಿಸುತ್ತಾರೆ, ಬೈಕಿಗೆ ‘ಎಂಟು’. ನಡಿಗೆಯ ವೇಗದಲ್ಲಿ ಹಿಂದೆ ಹೋಗುವ ಕಸರತ್ತು ಒಳ್ಳೆಯದೇ, ಅಂಗಳದಲ್ಲಿ ಕಾರು ತಿರುಗಿಸಲು ಉಪಯೋಗ. ಮುಂದಿನ ಗಾಡಿಯಿಂದ ಎಷ್ಟು ಅಂತರ ಬಿಡುತ್ತೀ ಎಂದು ರಸ್ತೆಯಲ್ಲಿ ನೋಡುವವರಾರು? ಅದು ಆರು ವಯಸ್ಸಿನ ಮಗುವಿಗೂ ಬರುವ ಲೆಕ್ಕ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ‘ಒಂದು ಸಾವಿರ, ಎರಡು ಸಾವಿರ’ ಎಂದು ಹೇಳಿ ಮುಗಿಯುವ ಮೊದಲು ನೀವು ಆ ಕಂಬಕ್ಕೆ ತಲುಪಬಾರದು. ಒಂದೊಂದಕ್ಕೆ ಸುಮಾರು ಒಂದು ಸೆಕೆಂಡು. ಮಳೆಯಲ್ಲಿ ‘ನಾಲ್ಕು ಸಾವಿರ’ದವರೆಗೆ.

ಗಮನದ ಮಾತಾಡುವಾಗ ಫಲಕಗಳನ್ನು ಬಿಡುವುದು ಹೇಗೆ? ತಿರುವು, ಇಳಿಜಾರು, ಶಾಲೆ, ಇವಕ್ಕೆ ಚಿತ್ರವಿದೆ, ಭಾಷೆ ಬೇಡ. ಆದರೆ ‘ಮುಂದೆ ದಾರಿ ಬದಲಾಗಿದೆ’ ಎಂಬಂಥವು ಅಕ್ಷರದಲ್ಲೇ ಇರುತ್ತವೆ, ಅದೂ ಎಷ್ಟೋ ಕಡೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ. 1956ರಿಂದ ಕೇರಳದಲ್ಲಿರುವ ಈ ಕಾಸರಗೋಡಿನ ನೆಲದಲ್ಲಿ ಕನ್ನಡದಲ್ಲೇ ಓದಿ ಬೆಳೆದ ಚಾಲಕರು ಎಣ್ಮಕಜೆಯಿಂದ ಮಂಜೇಶ್ವರದವರೆಗೆ ಇದ್ದಾರೆ. ನಾವು ಇದನ್ನು ಹೇಳಿದಾಗೆಲ್ಲ ಭಾಷಾಭಿಮಾನ ಎಂದು ಬದಿಗಿಡುತ್ತಾರೆ. ಅಕ್ಷರ ಕೂಡಿಸಿ ಓದಲು ಎರಡು ಸೆಕೆಂಡು ಹೆಚ್ಚು ಹಿಡಿದರೆ 60ರ ವೇಗದಲ್ಲಿ 33 ಮೀಟರು. ಇದು ಅಭಿಮಾನದ ಲೆಕ್ಕವಲ್ಲ, ಬ್ರೇಕಿನ ಲೆಕ್ಕ.

ನಿಮ್ಮ ಹನ್ನೆರಡು ವರ್ಷದ ಗೀರಿಲ್ಲದ ಕಾರಿಗೆ ನಮಸ್ಕಾರ. ಅದರಲ್ಲಿ ನಿಮ್ಮ ಪಾಲು ದೊಡ್ಡದೇ ಇರಬಹುದು. ನೀವು ಮಾತಿನಲ್ಲಿದ್ದಾಗ ಪಕ್ಕಕ್ಕೆ ಸರಿದುಕೊಂಡ ಎಷ್ಟೋ ಬೈಕಿನವರ, ಆಟೋದವರ ಪಾಲೂ ಅದರಲ್ಲಿದೆ. ಅವರು ನಿಮಗೆ ಕಾಣಲಿಲ್ಲ ಅಷ್ಟೆ.

ಫೋನು ಬಂದರೆ? ಹೊರಡುವ ಮೊದಲು ಫೋನನ್ನು ಡ್ರೈವಿಂಗ್ ಮೋಡ್‌ಗೆ ಹಾಕಿ, ಹಿಂದಿನ ಸೀಟಿನ ಚೀಲದಲ್ಲಿಡಿ. ತುರ್ತು ಕರೆಯ ನಿರೀಕ್ಷೆಯಿದ್ದರೆ ಅರ್ಧ ದಾರಿಯಲ್ಲಿ ಒಮ್ಮೆ ನಿಲ್ಲಿಸಿ ನೋಡಿ. ತಿರುವಿನಲ್ಲಾಗಲೀ ಸರ್ವೀಸ್ ರಸ್ತೆಯ ಬಾಯಲ್ಲಾಗಲೀ ಬೇಡ. ಯಾವುದಾದರೂ ಹೋಟೆಲಿನ ಅಂಗಳಕ್ಕೆ ಪೂರ್ತಿ ಒಳಗೆ ಹೋಗಿ, ಹ್ಯಾಂಡ್‌ಬ್ರೇಕ್ ಎಳೆದು ಮಾತಾಡಿ. ನಾಲ್ಕೂ ಇಂಡಿಕೇಟರ್ ಹಾಕಬೇಕೆಂದು ಅಷ್ಟು ಆಸೆಯಿದ್ದರೆ ಅಲ್ಲಿ ಹಾಕಿಕೊಳ್ಳಿ.