ಸ್ಮಾರ್ಟ್ ಮೀಟರ್ ಬಂದರೆ ಬಿಲ್ ಏರುತ್ತಾ?

ಸರ್, ಶಹಾಬಾದಿನ ಹೊಸ ಮನೆಗೆ ಸ್ಮಾರ್ಟ್ ಮೀಟರ್ ಬರುತ್ತೆ, ಬಿಲ್ ಜಾಸ್ತಿ ಆಗುತ್ತಾ ಅಂತ ಕೇಳಿದ್ದೀರಿ. ಮೀಟರಿನಿಂದ ದರ ಏರುವುದಿಲ್ಲ. ದರ ನಿಗದಿ ಮಾಡೋದು ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ.

ಕೇಂದ್ರ ಸರ್ಕಾರ ಸ್ಮಾರ್ಟ್ ಮೀಟರ್ ಹಾಕಿ ಅಂತ ಒತ್ತಿ ಹೇಳುತ್ತಿರೋದು ವಿದ್ಯುತ್ ನಷ್ಟ ತಗ್ಗಿಸೋಕೆ. ವಿದ್ಯುತ್ ವಿತರಣೆ ಸುಧಾರಿಸೋಕೆ ತಂದ 2021ರ ಆರ್‌ಡಿಎಸ್‌ಎಸ್ ಯೋಜನೆಯ ಗುರಿ 25 ಕೋಟಿ ಪ್ರೀಪೇಯ್ಡ್ ಮೀಟರ್. ಯಾವ ಟಿಸಿಗೆ (ಬೀದಿಯ ಟ್ರಾನ್ಸ್‌ಫಾರ್ಮರ್) ಎಷ್ಟು ಕರೆಂಟ್ ಹೋಯಿತು, ಮನೆಗಳಲ್ಲಿ ಎಷ್ಟು ಲೆಕ್ಕಕ್ಕೆ ಬಂತು ಅಂತ ತಾಳೆ ನೋಡಿದರೆ ಸೋರಿಕೆ ಎಲ್ಲಿದೆ ಗೊತ್ತಾಗುತ್ತೆ, ಅಲ್ವಾ?

ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರ ಜೂನ್‌ನಲ್ಲಿ ಆದ ತಿದ್ದುಪಡಿ ನಿಮಗೆ ಮುಖ್ಯ. ಸ್ಮಾರ್ಟ್ ಮೀಟರನ್ನು ದಿನಕ್ಕೆ ಒಮ್ಮೆಯಾದರೂ ದೂರದಿಂದಲೇ ಓದಬೇಕು, ಆ ಲೆಕ್ಕ ನಿಮಗೂ ಕಾಣಬೇಕು. ಬಾಗಿಲು ಹಾಕಿದ್ದಾಗ ಅಂದಾಜಿನ ಬಿಲ್ ಬಂದು ನಾವು ಮೂರು ಸಲ ಅಲೆದಿದ್ದೇವೆ. ಅದಕ್ಕೇ ಈ ನಿಯಮ ನನಗೆ ತುಂಬಾ ಇಷ್ಟ. ಹಗಲು ಸೌರ ವಿದ್ಯುತ್ ಸಿಗುವ ಹೊತ್ತಿಗೆ ಕನಿಷ್ಠ 20% ಕಡಿಮೆ ದರ, ಬೇಡಿಕೆ ಜಾಸ್ತಿಯಿರುವ ಹೊತ್ತಿಗೆ ಮನೆಗಳಿಗೆ ಕನಿಷ್ಠ 10% ಹೆಚ್ಚು ಅಂತಲೂ ಅದರಲ್ಲಿದೆ. ನಮ್ಮ ಕಡೆ ಬೇಸಿಗೆಯಲ್ಲಿ ರಾತ್ರಿಯಿಡೀ ಕೂಲರ್ ಓಡುತ್ತೆ. ಹಾಗಾಗಿ ಹೊತ್ತಿಗೆ ತಕ್ಕ ಈ ದರ ನಿಮ್ಮಂಥ ಮನೆ ಬಳಕೆದಾರರಿಗೆ ಜಾರಿಯಾಗಿದೆಯಾ ಅಂತ ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂನ ಸೆಕ್ಷನ್ ಆಫೀಸಿನಲ್ಲಿ ಕೇಳಿಕೊಳ್ಳಿ.

ಎಷ್ಟು ಕರೆಂಟ್ ಖರ್ಚಾಗುತ್ತೆ ಅಂತ ನೀವೇ ನೋಡಬೇಕಾದರೆ, ಮೀಟರ್ ಮೇಲೆ ಮಿಣುಕುವ ಕೆಂಪು ದೀಪ ಗಮನಿಸಿ. ಮೀಟರ್ ಮೇಲೆ 3200 imp/kWh ಅಂತ ಬರೆದಿದ್ದರೆ, 3200 ಸಲ ಮಿಣುಕಿದರೆ ಒಂದು ಯೂನಿಟ್. ಕೂಲರ್ ಹಾಕಿ ಒಂದು ನಿಮಿಷ ಎಣಿಸಿ ನೋಡಿ.