ಹೊಸ ಪ್ರಾಣಿ ಪ್ರಯೋಗವಿಲ್ಲದೆ ಖನಿಜ ಧೂಳಿನ ಉಸಿರಾಟದ ಅಪಾಯ ಅಳೆಯಬಹುದೇ?

ಬಹುಮಟ್ಟಿಗೆ ಅಳೆಯಬಹುದು, ಆದರೆ ಒಂದೇ ಪರೀಕ್ಷೆಯಿಂದಲ್ಲ.

ಮೊದಲು ಕಣದ ಗಾತ್ರ ನೋಡಿ. ಸುಮಾರು 4 ಮೈಕ್ರೊಮೀಟರ್‌ಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯಬಲ್ಲವು. ಆಮೇಲೆ ಎಕ್ಸ್-ರೇ ಡಿಫ್ರಾಕ್ಷನ್‌ನಿಂದ (ಎಕ್ಸ್-ಕಿರಣ ಹಾಯಿಸಿ ಸ್ಫಟಿಕಗಳನ್ನು ಗುರುತಿಸುವ ವಿಧಾನ) ಸ್ಫಟಿಕ ರೂಪದ ಸಿಲಿಕಾ ಎಷ್ಟಿದೆ ಎಂದು ತಿಳಿಯಬೇಕು. ಅದರ ಸಾಮಾನ್ಯ ರೂಪವಾದ ಕ್ವಾರ್ಟ್ಜ್ ಗಣನೀಯವಾಗಿದ್ದರೆ ಇಲಿಗಳನ್ನು ಕೇಳುವ ಅಗತ್ಯವೇ ಇಲ್ಲ. ಗಣಿ, ಕಲ್ಲುಕ್ವಾರಿಗಳ ಕಾರ್ಮಿಕರು ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗವಾದ ಸಿಲಿಕೋಸಿಸ್‌ನಿಂದ ನರಳಿ ಅದರ ಉತ್ತರವನ್ನು ಯಾವತ್ತೋ ಕೊಟ್ಟಿದ್ದಾರೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಕೆಲಸದ ಸ್ಥಳದಲ್ಲಿ ಉಸಿರಾಡುವ ಸ್ಫಟಿಕ ಸಿಲಿಕಾವನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಘೋಷಿಸಿದೆ.

ಉಳಿದ ಖನಿಜಗಳಿಗೆ ನಾನು ಹೆಚ್ಚು ಬೆಲೆ ಕೊಡುವುದು ಕರಗುವಿಕೆಗೆ. ಧೂಳು ನುಂಗುವ ಮ್ಯಾಕ್ರೊಫೇಜ್ ಕೋಶದೊಳಗಿನ ಆಮ್ಲೀಯತೆಯನ್ನು ಹೋಲುವ, ಪಿಎಚ್ 4.5ರ ಕೃತಕ ದ್ರವದಲ್ಲಿ ಕಣ ಬೇಗ ಕರಗುತ್ತದೆಯೇ, ಹಾಗೇ ಉಳಿಯುತ್ತದೆಯೇ? ಕರಗದೆ ಉಳಿಯುವ ಕಣ, ಅದರಲ್ಲೂ ಉದ್ದನೆಯ ನಾರು, ಹೆಚ್ಚು ಅನುಮಾನಾಸ್ಪದ. ಕರಗುವಾಗ ವಿಷಲೋಹ ಹೊರಬರುತ್ತದೆಯೇ ಎಂದೂ ನೋಡಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಶ್ವಾಸಕೋಶದ ಕೋಶಗಳು ಉರಿಯೂತದ ಸುಳಿವು ಕೊಡುತ್ತವೆ.

ಈಗಾಗಲೇ ಅಧ್ಯಯನವಾಗಿರುವ ಖನಿಜದೊಂದಿಗೆ ಹೋಲಿಸಿ ತೀರ್ಮಾನಿಸಬಹುದು. ಆದರೆ ಹೆಸರು ಒಂದೇ ಎಂಬ ಕಾರಣಕ್ಕೆ ಹೋಲಿಕೆಯನ್ನು ನಂಬಬೇಡಿ: ಹೊಸದಾಗಿ ಒಡೆದ ಕ್ವಾರ್ಟ್ಜ್‌ನ ಮೇಲ್ಮೈ ಹಳೆಯದಕ್ಕಿಂತ ಹೆಚ್ಚು ಹಾನಿಕರ. ಕೆಲಸಗಾರರು ನಿಜವಾಗಿ ಉಸಿರಾಡುವ ಧೂಳನ್ನೇ, ಅವರ ಕಾಲರ್‌ಗೆ ಸಿಕ್ಕಿಸಿದ ಸ್ಯಾಂಪ್ಲರ್‌ನಿಂದ ಹಿಡಿದು ಪರೀಕ್ಷಿಸಿ.