ಬಲಗಡೆ ಸೀಟು ನಿಮಗೇನು ಹೊಸದಲ್ಲ

ಪ್ರಶ್ನೆ: ಮೂರು ವರ್ಷದಿಂದ ಫ್ಲೈಯಿಂಗ್ ಸ್ಕೂಲಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ಹಾರಿದ ಗಂಟೆಗಳೆಲ್ಲ ಹೆಚ್ಚುಕಮ್ಮಿ ಸೆಸ್ನಾ 172 ಅನ್ನುವ ಪುಟ್ಟ ಪಿಸ್ಟನ್ ವಿಮಾನದ ಮೇಲಿನವೇ. ಈಗ ವಿಮಾನ ಬಾಡಿಗೆಗೆ ಬಿಡುವ ಬೆಂಗಳೂರಿನ ಒಂದು ಛಾರ್ಟರ್ ಕಂಪನಿ ಸೈಟೇಶನ್ ಅನ್ನುವ ಬಿಸಿನೆಸ್ ಜೆಟ್‌ಗೆ ಕೋಪೈಲಟ್ ಆಗಿ ಬನ್ನಿ ಅಂತ ಕರೆದಿದೆ. ಜೆಟ್ ನನ್ನ ಕೈಗೆ ಹತ್ತುತ್ತದಾ? ಮನೆಯಲ್ಲಂತೂ ‘ಇಷ್ಟು ದಿನ ಮೇಡಂ ಅನ್ನಿಸಿಕೊಂಡು ಈಗ ಯಾರದೋ ಕೈಕೆಳಗೆ ಹೋಗ್ತೀಯಾ’ ಅಂತ ಒಂದೇ ಸಮ ಕೇಳುತ್ತಿದ್ದಾರೆ.
– ಓದುಗರು, ದಾವಣಗೆರೆ

ಉತ್ತರ: ಮನೆಯವರ ಪ್ರಶ್ನೆ ಆಮೇಲೆ ನೋಡೋಣ, ಮೊದಲು ಕೈ ವಿಷಯ. ಪಾಠ ಹೇಳುವಾಗ ನೀವು ಕೂರುವುದು ಬಲಗಡೆ, ಕೋಪೈಲಟ್ ಕೂರುವುದೂ ಬಲಗಡೆ. ಎಡಗೈ ಎಂಜಿನ್ ಶಕ್ತಿ ಏರಿಳಿಸುವ ಥ್ರಾಟಲ್ ಮೇಲೆ, ಬಲಗೈ ವಿಮಾನ ತಿರುಗಿಸುವ ಯೋಕ್ ಮೇಲೆ. ಎಡಗಡೆ ಕೂತು ಕಲಿತು ಸ್ಕೂಲಿನಿಂದ ನೇರ ಬರುವ ಹೊಸ ಹುಡುಗರು ತಡಕಾಡುವ ಜಾಗದಲ್ಲಿ ನಿಮ್ಮ ಕೈ ಆಗಲೇ ಕೂತುಬಿಟ್ಟಿದೆ.

ತಡಕಾಡುವುದು ತಲೆ. 172ರಲ್ಲಿ ಸುಮಾರು 65 ನಾಟ್ (ಗಂಟೆಗೆ 120 ಕಿಲೋಮೀಟರ್) ವೇಗದಲ್ಲಿ ಅಪ್ರೋಚ್ ಮಾಡ್ತೀರಿ, ಅಂದರೆ ರನ್‌ವೇ ಕಡೆ ಇಳಿದು ಬರ್ತೀರಿ, ಸ್ವಲ್ಪ ಎತ್ತರ ಜಾಸ್ತಿ ಆದರೆ ಪವರ್ ತೆಗೆದು ರೆಕ್ಕೆಯ ಫ್ಲ್ಯಾಪ್ ಕೆಳಗಿಳಿಸಿದರೆ ಆಯ್ತು, ಗಾಡಿ ಇಳಿಯುತ್ತದೆ. ಜೆಟ್‌ನಲ್ಲಿ ಇಳಿಯುವುದು, ವೇಗ ಕಳೆಯುವುದು ಎರಡೂ ಒಟ್ಟಿಗೆ ಸುಲಭಕ್ಕೆ ಆಗುವುದಿಲ್ಲ. ಹಾಗಾಗಿ ಲೆಕ್ಕ ಮೊದಲೇ ಹಾಕಬೇಕು. ಸಾವಿರ ಅಡಿ ಇಳಿಯಲು 3 ನಾಟಿಕಲ್ ಮೈಲಿ ಅನ್ನುವುದು ಎಲ್ಲರೂ ಬಳಸುವ ಲೆಕ್ಕ. ದೆಹಲಿಯಿಂದ 41,000 ಅಡಿಯಲ್ಲಿ ಬೆಂಗಳೂರಿಗೆ ಬರ್ತಿದ್ದೀರಿ ಅಂತಿಟ್ಟುಕೊಳ್ಳಿ. ಬೆಂಗಳೂರೇ ಸುಮಾರು 3,000 ಅಡಿ ಎತ್ತರದಲ್ಲಿದೆ, ಉಳಿದ 38,000 ಅಡಿ ಇಳಿಯಬೇಕು, ಅಂದರೆ 114 ನಾಟಿಕಲ್ ಮೈಲಿ, 200 ಕಿಲೋಮೀಟರ್‌ಗೂ ಜಾಸ್ತಿ. ಅನಂತಪುರ ದಾಟುವ ಮುಂಚೆಯೇ ಇಳಿಯಲು ಶುರು ಮಾಡಿರಬೇಕು, ವೇಗ ಕಳೆಯಲು ಇನ್ನೊಂದಷ್ಟು ಮೈಲಿ ಸೇರಿಸಿ. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಎಟಿಸಿ ಯಾವಾಗ ಇಳಿಸುತ್ತದೋ ಅದು ಬೇರೆ ಕಥೆ. ಥ್ರಾಟಲ್ ಕೂಡ ಹಾಗೆಯೇ. ಪಿಸ್ಟನ್ ಎಂಜಿನ್ ತಳ್ಳಿದ ಕೂಡಲೇ ಓಗೊಡುತ್ತದೆ, ಜೆಟ್ ಎಂಜಿನ್ ಐಡಲ್‌ನಿಂದ (ಅತಿ ಕಡಿಮೆ ಪವರ್‌ನಿಂದ) ಮೇಲೇಳಲು ಕೆಲವು ಸೆಕೆಂಡ್ ತೆಗೆದುಕೊಳ್ಳುತ್ತದೆ. ರನ್‌ವೇ ಹತ್ತಿರ ಆ ಸೆಕೆಂಡುಗಳು ಬಲು ಉದ್ದ.

ಇನ್ನು ಇನ್‌ಸ್ಟ್ರಕ್ಟರ್‌ಗಳಿಗೆ ಅಂಟಿಕೊಂಡಿರುವ ಚಟ, ವಿವರಿಸುವುದು! ಸುಮಾರು 40,000 ಅಡಿಯಲ್ಲಿ ಕ್ಯಾಬಿನ್ ಪ್ರೆಶರ್ ಹೋದರೆ ನೆಟ್ಟಗೆ ಯೋಚಿಸಲು ಸಿಗುವುದು 15–20 ಸೆಕೆಂಡ್ ಅಷ್ಟೇ. ಮೊದಲು ಮಾಸ್ಕ್, ಮಾತು ಆಮೇಲೆ. ಪಕ್ಕದಲ್ಲಿ ಕೂತ ಕ್ಯಾಪ್ಟನ್ ನಿಮ್ಮ ಸ್ಟೂಡೆಂಟ್ ಅಲ್ಲ, ಅವರ ಲ್ಯಾಂಡಿಂಗ್‌ಗೆ ಮಾರ್ಕ್ಸ್ ಹಾಕಬೇಡಿ, ಯೋಕ್ ಕಡೆ ಕೈ ಹೋಗದಂತೆ ನೋಡಿಕೊಳ್ಳಿ. ಹಾಗಂತ ಬಾಯಿ ಮುಚ್ಚಿಕೊಂಡು ಕೂರಬೇಕು ಅಂತಲ್ಲ. ವೇಗ ಜಾಸ್ತಿ ಇದ್ದರೆ ‘ಸ್ಪೀಡ್’ ಅನ್ನಿ, ಅಪ್ರೋಚ್ ಸರಿಯಿಲ್ಲದಿದ್ದರೆ ‘ಗೋ ಅರೌಂಡ್’ (ಇಳಿಯದೆ ಮತ್ತೆ ಮೇಲೇರಿ) ಅನ್ನಿ. ಕಂಪನಿಯ ನಿಯಮದ ಪುಸ್ತಕದಲ್ಲಿ ಇರುವ ಮಾತನ್ನೇ, ಅಲ್ಲಿ ಹೇಳಿರುವ ಹೊತ್ತಿಗೇ ಹೇಳುವುದು. ಪಾಠ ಮಾಡಿ ರೂಢಿಯಾದವರಿಗೆ ಇದು ಬಹಳ ಕಷ್ಟ, ಹಾರಿಸುವುದಕ್ಕಿಂತ ಕಷ್ಟ ಅಂತಲೇ ನನ್ನ ಅಭಿಪ್ರಾಯ.

ಕೈಕೆಳಗೆ ಅನ್ನುವ ಮಾತಿಗೆ ಬಂದರೆ, ಹೌದು, ಬ್ಯಾಗ್ ಹೊರಬೇಕಾಗುತ್ತದೆ. 2008ರಲ್ಲಿ ದೇವನಹಳ್ಳಿ ಶುರುವಾದ ಮೇಲೆ ಹಳೆ ಎಚ್‌ಎಎಲ್ ನಿಲ್ದಾಣಕ್ಕೆ ಏರ್‌ಲೈನ್‌ಗಳು ಬರುವುದು ನಿಂತಿತು, ಬಿಸಿನೆಸ್ ಜೆಟ್‌ಗಳು ಅಲ್ಲಿಂದ ಈಗಲೂ ಹಾರುತ್ತಿವೆ. ಬೆಳಗಿನ ಜಾವ ಅಲ್ಲಿ ಹೋಗಿ ನೋಡಿ. ವೇಗ ಅಳೆಯುವ ಪಿಟೋ ನಳಿಗೆಯ ಕವರ್ ತೆಗೆಯುವವರು, ಇಂಧನ ಎಷ್ಟು ತುಂಬಿತು ಅಂತ ನಿಂತು ನೋಡುವವರು, ತಿಂಡಿ ಬಂತಾ ಅಂತ ಫೋನ್ ಮಾಡುವವರು, ಸೂಟ್‌ಕೇಸ್ ತೂಕ ಲೆಕ್ಕ ಹಾಕಿ ಹಿಂದೆ ಇಡುವವರು ಬಹುತೇಕ ಕೋಪೈಲಟ್‌ಗಳೇ. ಹತ್ತು ಗಂಟೆಗೆ ಹೊರಡಬೇಕಾದ ಸಾಹೇಬರು ಮೂರಕ್ಕೆ ಬರುತ್ತಾರೆ, ಬಂದವರು ಮುಂಬೈ ಬೇಡ ಹೈದರಾಬಾದ್ ಅನ್ನುತ್ತಾರೆ, ನೀವು ಫ್ಲೈಟ್ ಪ್ಲಾನ್ ಮತ್ತೆ ಹಾಕುತ್ತೀರಿ. ಚುನಾವಣೆ ಬಂತೆಂದರೆ ಕೇಳಲೇಬೇಡಿ. ಇದು ಕೀಳು ಕೆಲಸ ಅನ್ನಿಸುವವರಿಗೆ ಏರ್‌ಲೈನ್ ವಾಸಿ, ಅಲ್ಲಿ ರೋಸ್ಟರ್ ಆದರೂ ಕೈಯಲ್ಲಿರುತ್ತದೆ.

ನಿಮ್ಮ ಇನ್‌ಸ್ಟ್ರಕ್ಟರ್ ಗಂಟೆಗಳೇನೂ ದಂಡವಾಗುವುದಿಲ್ಲ. ಮೇಲ್ದರ್ಜೆಯ ಪೈಲಟ್ ಲೈಸೆನ್ಸ್ ಆದ ಎಟಿಪಿಎಲ್‌ಗೆ ಬೇಕಾದ 1,500 ಗಂಟೆಯಲ್ಲಿ ಅವೂ ಸೇರುತ್ತವೆ. ಮಲ್ಟಿ ಎಂಜಿನ್ ರೇಟಿಂಗ್ ಮತ್ತು ಐಆರ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿಕೊಂಡು ಹಾರಿಸುವ ಅನುಮತಿ) ಚಾಲ್ತಿಯಲ್ಲಿವೆಯಾ ನೋಡಿಕೊಳ್ಳಿ. ದಿನವಿಡೀ ರನ್‌ವೇ ಸುತ್ತ ಸರ್ಕ್ಯೂಟ್ ಹೊಡೆಸುವವರಿಗೆ ಐಆರ್ ಕೈತಪ್ಪಿರುತ್ತದೆ, ಸಿಮ್ಯುಲೇಟರ್‌ಗೆ ಹೋಗುವ ಮುಂಚೆ ಅದನ್ನು ಚೆನ್ನಾಗಿ ತಿಕ್ಕಿ.

ಪ್ರಶ್ನೆ: ನನ್ನ ತಮ್ಮನಿಗೂ ಇಂಥದ್ದೇ ಕೆಲಸ ಬಂದಿದೆ. ಟೈಪ್ ರೇಟಿಂಗ್ ದುಡ್ಡು ನೀವೇ ಹಾಕಿ ಅನ್ನುತ್ತಿದ್ದಾರೆ. ಕೊಡಬಹುದಾ?
– ಓದುಗರು, ಹಾಸನ

ಉತ್ತರ: ಸುಮ್ನೆ ಕೊಡಬೇಡಿ. ಟೈಪ್ ರೇಟಿಂಗ್ ಅಂದರೆ ಒಂದು ಜಾತಿಯ ವಿಮಾನ ಹಾರಿಸಲು ಲೈಸೆನ್ಸ್‌ನಲ್ಲಿ ಸಿಗುವ ಅನುಮತಿ, ಅದು ಆ ಜಾತಿಗೆ ಮಾತ್ರ. ಸೈಟೇಶನ್ ರೇಟಿಂಗ್ ಇಟ್ಟುಕೊಂಡು ಹಾಕರ್ ಜೆಟ್ ಆಗಲಿ ಏರ್‌ಬಸ್ ಆಗಲಿ ಹಾರಿಸಲಾಗದು. ಆ ಮಾದರಿ ನಮ್ಮ ದೇಶದಲ್ಲಿ ಎಷ್ಟು ಕಂಪನಿಗಳ ಹತ್ತಿರ ಇದೆ ಅಂತ ವಿಚಾರಿಸಿ. ಒಂದೋ ಎರಡೋ ಆದರೆ, ಆ ವಿಮಾನ ಮಾರಿದ ದಿನ ತಮ್ಮನ ದುಡ್ಡೂ ಹೋಯಿತು. ಕಂಪನಿಯೇ ದುಡ್ಡು ಹಾಕಿ, ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ ಅಂತ ಬಾಂಡ್ ಬರೆಸಿಕೊಂಡರೆ ಅದೇ ಮೇಲು. ಆದರೆ ವಿಮಾನವೇ ನೆಲಕ್ಕೆ ಕೂತರೆ ಬಾಂಡ್ ಏನಾಗುತ್ತದೆ, ಸಂಬಳ ಹಾರಿದ ಗಂಟೆಗೋ ತಿಂಗಳಿಗೋ, ಇವೆರಡೂ ಕಾಗದದಲ್ಲಿ ಇರಲಿ. ಸಹಿಗೆ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಜತೆಗೆ ಅದೇ ಕಂಪನಿ ಬಿಟ್ಟುಹೋದ ಕೋಪೈಲಟ್ ಒಬ್ಬರನ್ನು ಹುಡುಕಿ, ಸಂಬಳ ಸರಿಯಾದ ಹೊತ್ತಿಗೆ ಬರ್ತಿತ್ತಾ ಅಂತ ಕೇಳಿ.